ರೇಸಿನ ಲಾಯದಿಂದ ಆಸರೆ ತೋಟಕ್ಕೆ ಬಂದ ಕುದುರೆ: ಮೇವು, ಗೊರಸು, ನಿದ್ದೆಯ ಬಗ್ಗೆ ಸಲಹೆ ಬೇಕಾಗಿದೆ

ಪ್ರಶ್ನೆ: ಆಸರೆ ತೋಟ, ದೊಡ್ಡಬಳ್ಳಾಪುರ

ಎಲ್ಲರಿಗೂ ನಮಸ್ಕಾರ.

ದೊಡ್ಡಬಳ್ಳಾಪುರದ ಹತ್ತಿರ ನಮ್ಮ ಕುಟುಂಬದವರು ಒಂದು ಚಿಕ್ಕ ಆಸರೆ ತೋಟವನ್ನು ನಡೆಸುತ್ತಿದ್ದೇವೆ. ಗಾಡಿ ಎಳೆದು ಸೋತ ತಟ್ಟುಗಳು, ಇಟ್ಟಿಗೆ ಗೂಡಿನ ಕೆಲಸದಿಂದ ಬಿಡಿಸಿ ತಂದ ಕತ್ತೆಗಳು, ಹಾಲು ಬತ್ತಿದ ಮೇಲೆ ಬೀದಿಗೆ ಬಿದ್ದ ಹಸುಗಳು ಇಲ್ಲಿವೆ. ಅವುಗಳ ಆರೈಕೆ ನಮಗೆ ರೂಢಿಯಾಗಿದೆ. ಆದರೆ ರೇಸಿನಲ್ಲಿ ಓಡಿದ ಥರೋಬ್ರೆಡ್ ಕುದುರೆಯೊಂದು ನಮ್ಮಲ್ಲಿಗೆ ಬಂದಿರುವುದು ಇದೇ ಮೊದಲು. ತಟ್ಟುಗಳಿಗೆ ಒಗ್ಗಿದ ನಮ್ಮ ಕ್ರಮಗಳು ಇವನಿಗೆ ಒಗ್ಗುತ್ತಿಲ್ಲವೆಂಬುದು ಕಣ್ಣಿಗೆ ಕಾಣುತ್ತಿರುವುದರಿಂದ ತಿಳಿದವರ ಸಲಹೆ ಕೇಳುತ್ತಿದ್ದೇನೆ.

ಇವನು ಏಳು ವರ್ಷದ, ಬೀಜ ಒಡೆಸಿದ ಗಂಡು ಕುದುರೆ. ಮೈಬಣ್ಣ ಕೆಂಗಂದು, ಹಾಗಾಗಿ ನಮ್ಮ ಕೆಲಸದವರು ಕೆಂಪ ಎಂದು ಕರೆಯುತ್ತಾರೆ. ಬಲ ಮುಂಗಾಲಿನ ಟೆಂಡನ್ನಿಗೆ, ಅಂದರೆ ಸ್ನಾಯುವನ್ನು ಮೂಳೆಗೆ ಬಿಗಿಯುವ ನಾರಿಗೆ, ಪೆಟ್ಟಾಗಿ ಓಟ ನಿಂತಿದೆ. ಮಾಲೀಕರು ಕಾಗದಪತ್ರಗಳೊಂದಿಗೆ, ಒಳ್ಳೆಯ ಮನಸ್ಸಿನಿಂದಲೇ, ಇವನನ್ನು ನಮಗೆ ಒಪ್ಪಿಸಿದ್ದಾರೆ. ಬಂದಾಗ ಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ಈಗ ಪಕ್ಕೆಲುಬುಗಳು ಎಣಿಸುವಷ್ಟು ಕಾಣುತ್ತಿವೆ.

ಕೆಂಪ ಓಟ್ಸ್ ಹಾಕಿದ ಕೂಡಲೇ ಮುಗಿಸುತ್ತಾನೆ, ರಾಗಿ ಹುಲ್ಲನ್ನು ಮಾತ್ರ ಅರ್ಧಕ್ಕೆ ಬಿಡುತ್ತಾನೆ; ಕಾಳು ತಿನ್ನುವಾಗ ಕೆಲವೊಮ್ಮೆ ನಡುವೆ ನಿಲ್ಲಿಸಿ, ಮೇಲ್ತುಟಿಯನ್ನು ಮೇಲೆತ್ತಿ ಸ್ವಲ್ಪ ಹೊತ್ತು ಹಾಗೆಯೇ ನಿಲ್ಲುತ್ತಾನೆ. ಬೆಳಗಿನ ಜಾವ ನಾಲ್ಕು ಗಂಟೆಗೆ ಸರಿಯಾಗಿ ಎದ್ದು ಕೆನೆಯಲು ತೊಡಗುತ್ತಾನೆ. ಸಂಜೆಯ ಹೊತ್ತು ಬಾಗಿಲ ಬಳಿ ನಿಂತು ಎಡಕ್ಕೂ ಬಲಕ್ಕೂ ತೂಗಾಡುತ್ತಿರುತ್ತಾನೆ. ಬಯಲಿಗೆ ಬಿಟ್ಟರೆ ಮೇಯುವುದಿಲ್ಲ, ಬೇಲಿಯ ಉದ್ದಕ್ಕೂ ಓಡಿ ಓಡಿ ಬೆವರಿನ ನೊರೆ ಬರಿಸಿಕೊಳ್ಳುತ್ತಾನೆ. ನಮ್ಮ ಬೇಲಿ ಈ ಕಡೆ ಎಲ್ಲರೂ ಹಾಕುವಂಥದ್ದೇ, ಕಲ್ಲುಕಂಬಕ್ಕೆ ಮುಳ್ಳುತಂತಿ. ಆದ್ದರಿಂದ ಭಯವಾಗಿ ಒಳಗೆ ಕರೆತಂದು ಕಟ್ಟುತ್ತೇವೆ. ಇನ್ನೊಂದು ವಿಷಯವೆಂದರೆ, ಇವನು ಮಲಗಿದ್ದನ್ನು ನಾವು ಯಾರೂ ಇದುವರೆಗೆ ನೋಡಿಲ್ಲ. ಎರಡೂ ಮುಂಗಾಲುಗಳಲ್ಲಿ ಗೊರಸಿನ ಮೇಲಿನ ಕೀಲಿನ ಮುಂಭಾಗದಲ್ಲಿ ತರಚಿದಂತಹ ಚಿಕ್ಕ ಗಾಯಗಳಿವೆ, ಅವು ಮಾಯುವುದೇ ಇಲ್ಲ.

ಸದ್ಯ ಕೊಡುತ್ತಿರುವುದು ದಿನಕ್ಕೆ ಎರಡು ಹೊತ್ತು ಓಟ್ಸ್, ಗೋಧಿ ಬೂಸಾ, ಬೇಯಿಸಿದ ಹುರುಳಿ ಮತ್ತು ಹಸುಗಳಿಗೆಂದು ಬೆಳೆದ ನೇಪಿಯರ್ ಸೀಮೆಹುಲ್ಲು. ನಾಲ್ಕೂ ಕಾಲುಗಳಲ್ಲಿ ಲಾಳ ಇದೆ; ಲಾಳ ಹೊಡೆಯುವವರು ಎಲ್ಲವನ್ನೂ ಒಮ್ಮೆಗೇ ಕಿತ್ತುಬಿಡೋಣ ಎನ್ನುತ್ತಿದ್ದಾರೆ. ಮೈ ತುಂಬಿಸಲು ಕಾಳನ್ನು ಹೆಚ್ಚಿಸಬೇಕೇ? ಲಾಳ ತೆಗೆಸಬಹುದೇ? ಉಳಿದ ಪ್ರಾಣಿಗಳ ಜೊತೆ ಯಾವಾಗ ಬಿಡಬಹುದು? ತೋಟಕ್ಕೆ ಬರುವವರು ಮಕ್ಕಳನ್ನು ಇವನ ಮೇಲೆ ಕೂರಿಸಬಹುದೇ ಎಂದು ಕೇಳುತ್ತಾರೆ. ಸದ್ಯಕ್ಕೆ ಬೇಡವೆಂದು ಹೇಳಿದ್ದೇವೆ, ಆದರೂ ತಿಳಿದುಕೊಳ್ಳುವ ಆಸೆಯಿದೆ.

ಉತ್ತರ: ನಿವೃತ್ತ ಪಶುವೈದ್ಯ, ಹಾಸನ

ನೀವು ಬರೆದಿರುವ ಲಕ್ಷಣಗಳಲ್ಲಿ ಹೆಚ್ಚಿನವು ಈ ಕುದುರೆಯ ಸ್ವಭಾವದಿಂದ ಬಂದವಲ್ಲ, ಅದು ಇದುವರೆಗೆ ಬದುಕಿದ ರೀತಿಯಿಂದ ಬಂದವು ಎಂಬುದನ್ನು ಮೊದಲು ನಿಮ್ಮ ಕೆಲಸದವರಿಗೂ ಮನದಟ್ಟು ಮಾಡಿಸಿ. ರೇಸಿನ ಕುದುರೆ ದಿನದ ಇಪ್ಪತ್ತೆರಡು, ಇಪ್ಪತ್ತಮೂರು ಗಂಟೆ ಲಾಯದೊಳಗೇ ಇರುತ್ತದೆ. ಹುಲ್ಲು ಕಡಿಮೆ, ಕಾಳು ಹೆಚ್ಚು. ಓಡುವ ದಿನಗಳಲ್ಲಿ ಐದಾರು ಕಿಲೋ ಕಾಳು ತಿಂದು ಅದನ್ನೆಲ್ಲ ಓಟದಲ್ಲೇ ಕರಗಿಸುತ್ತಿದ್ದ ಪ್ರಾಣಿಗೆ ಇಂದು ಓಟವೂ ಇಲ್ಲ, ಹೊಸ ಮೇವಿಗೆ ಹೊಟ್ಟೆ ಇನ್ನೂ ಒಗ್ಗಿಲ್ಲ.

ಕುದುರೆಯ ಜಠರದಲ್ಲಿ ಆಮ್ಲ ಹಗಲೂ ರಾತ್ರಿ ಎಡೆಬಿಡದೆ ಸುರಿಯುತ್ತಿರುತ್ತದೆ, ಏಕೆಂದರೆ ದಿನಕ್ಕೆ ಹದಿನಾರು ಗಂಟೆಯಷ್ಟು ಹೊತ್ತು ಮೇಯುವ ಪ್ರಾಣಿಗಾಗಿ ಆ ಹೊಟ್ಟೆ ರೂಪುಗೊಂಡಿದೆ. ಹುಲ್ಲನ್ನು ಅಗಿಯುವಾಗ ಬರುವ ಜೊಲ್ಲು ಆ ಆಮ್ಲವನ್ನು ತಣಿಸುತ್ತದೆ. ಖಾಲಿ ಹೊಟ್ಟೆಯಲ್ಲಿ ನಾಗಾಲೋಟ ಓಡಿದಾಗ ಆಮ್ಲವು ಜಠರದ ಮೇಲ್ಭಾಗಕ್ಕೆ ಚಿಮ್ಮುತ್ತದೆ, ಅಲ್ಲಿನ ಒಳಪೊರೆಗೆ ಅದನ್ನು ತಾಳುವ ಶಕ್ತಿಯಿಲ್ಲ. ತರಬೇತಿಯಲ್ಲಿರುವ ರೇಸಿನ ಕುದುರೆಗಳಲ್ಲಿ ಬಹುಪಾಲಿಗೆ ಹೊಟ್ಟೆಹುಣ್ಣು ಇರುವುದಕ್ಕೆ ಇದೇ ಕಾರಣ. ಕಾಲುನೋವಿಗೆ ಫಿನೈಲ್‌ಬ್ಯೂಟಜೋನ್ ಮುಂತಾದ ಔಷಧಗಳನ್ನು ಬಹುಕಾಲ ಕೊಟ್ಟಿದ್ದರೆ ಹುಣ್ಣಿನ ಸಂಭವ ಇನ್ನೂ ಹೆಚ್ಚು. ತೂಕ ಇಳಿಯುವುದು, ಕಾಳು ತಿನ್ನುತ್ತಾ ನಡುವೆ ನಿಲ್ಲಿಸುವುದು, ತುಟಿ ಎತ್ತಿ ನಿಲ್ಲುವುದು, ಇವೆಲ್ಲವೂ ಹುಣ್ಣನ್ನೇ ಸೂಚಿಸಬಹುದು. ಖಚಿತವಾಗಿ ತಿಳಿಯಲು ಹೊಟ್ಟೆಯೊಳಗೆ ಇಳಿಸಿ ನೋಡುವ ಮೂರು ಮೀಟರ್ ಉದ್ದದ ಕೊಳವೆ, ಎಂಡೋಸ್ಕೋಪ್, ಬೇಕು, ಅದು ಎಲ್ಲೆಡೆ ಸಿಗುವುದಿಲ್ಲ. ನಿಮ್ಮ ವೈದ್ಯರು ಕುದುರೆಯನ್ನು ಪರೀಕ್ಷಿಸಿದ ಮೇಲೆ ಆಮ್ಲವನ್ನು ತಗ್ಗಿಸುವ ಒಮೆಪ್ರಜೋಲ್ ಔಷಧ ಕೊಟ್ಟು ನೋಡುವ ನಿರ್ಧಾರ ಮಾಡಬಹುದು. ಸಾಮಾನ್ಯವಾಗಿ ಆ ಚಿಕಿತ್ಸೆ ನಾಲ್ಕು ವಾರ ನಡೆಯುತ್ತದೆ. ಔಷಧದ ಅಂಗಡಿಯಿಂದ ಮನುಷ್ಯರ ಗುಳಿಗೆ ತಂದು ನೀವಾಗಿಯೇ ಪ್ರಯೋಗಿಸಬೇಡಿ.

ಆದ್ದರಿಂದ ಕಾಳನ್ನು ಹೆಚ್ಚಿಸಬೇಡಿ, ನಿಧಾನವಾಗಿ ಇಳಿಸಿ. ಮೇವಿನ ಯಾವ ಬದಲಾವಣೆಯನ್ನೂ ಹತ್ತರಿಂದ ಹದಿನಾಲ್ಕು ದಿನಗಳ ಮೇಲೆ ಹರಡಿ ಮಾಡಬೇಕು. ಒಮ್ಮೆಗೇ ಬದಲಿಸಿದರೆ ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಹೊಂದಿಕೊಳ್ಳದೆ ಹೊಟ್ಟೆಶೂಲೆ ಬರುತ್ತದೆ, ಕುದುರೆಗೆ ವಾಂತಿ ಮಾಡಿಕೊಳ್ಳಲು ಸಾಧ್ಯವಿಲ್ಲದ ಕಾರಣ ಶೂಲೆ ಜೀವಕ್ಕೇ ಎರವಾಗಬಹುದು. ಕಾಳು ಕೊಡುವ ಹೊತ್ತಿನಲ್ಲಿ ಒಂದು ಹೊತ್ತಿಗೆ ಎರಡು ಕಿಲೋ ಮೀರದಿರಲಿ, ಅದಕ್ಕೂ ಮೊದಲು ಒಂದಷ್ಟು ಒಣಹುಲ್ಲು ಅಥವಾ ಕುದುರೆ ಮಸಾಲೆ ಸೊಪ್ಪು ಹೊಟ್ಟೆಗೆ ಬಿದ್ದಿರಲಿ. ನಮ್ಮ ರೈತರು ಲೂಸರ್ನ್ ಎಂದೂ ಕರೆಯುವ ಈ ಸೊಪ್ಪಿನಲ್ಲಿ ಸುಣ್ಣದಂಶ ಹೇರಳವಾಗಿರುವುದರಿಂದ ಅದು ಆಮ್ಲವನ್ನೂ ತಣಿಸುತ್ತದೆ. ಮೈ ತುಂಬಲು ಕಾಳಿಗಿಂತ ಅಡುಗೆ ಎಣ್ಣೆ ಸುರಕ್ಷಿತ: ಚಮಚದ ಲೆಕ್ಕದಲ್ಲಿ ಆರಂಭಿಸಿ, ಕೆಲವು ವಾರಗಳಲ್ಲಿ ದಿನಕ್ಕೆ ಒಂದು ಲೋಟದವರೆಗೆ ಏರಿಸಬಹುದು.

ತೂಕವನ್ನು ಕಣ್ಣಂದಾಜಿನಿಂದ ಅಳೆಯಬೇಡಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನೂ, ಹೆಗಲ ಮೂಳೆಯ ತುದಿಯಿಂದ ಪೃಷ್ಠದ ಮೂಳೆಯ ತುದಿಯವರೆಗಿನ ಉದ್ದವನ್ನೂ ಸೆಂಟಿಮೀಟರಿನಲ್ಲಿ ತೆಗೆದುಕೊಳ್ಳಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋ ಲೆಕ್ಕದಲ್ಲಿ ತೂಕ ಸಿಗುತ್ತದೆ. ಸುತ್ತಳತೆ 180, ಉದ್ದ 165 ಇದ್ದರೆ ತೂಕ 450 ಕಿಲೋ. ಅಂಥ ಕುದುರೆಗೆ ದಿನಕ್ಕೆ ಸುಮಾರು ಒಂಬತ್ತು ಕಿಲೋ ಒಣಹುಲ್ಲು ಬೇಕು. ವಾರಕ್ಕೊಮ್ಮೆ ಅಳೆದು ಬರೆದಿಡಿ.

ನೀವು ಬರೆದುದರಲ್ಲಿ ನನಗೆ ಅತ್ಯಂತ ಆತಂಕ ತಂದದ್ದು ನೇಪಿಯರ್ ಮತ್ತು ಗೋಧಿ ಬೂಸಾದ ಜೋಡಿ. ನೇಪಿಯರ್‌ನಂತಹ ಉಷ್ಣವಲಯದ ಹುಲ್ಲುಗಳಲ್ಲಿ ಆಕ್ಸಲೇಟ್ ಇರುತ್ತದೆ. ಹಸುವಿನ ಮೆಲುಕು ಚೀಲದಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಒಡೆಯುತ್ತವೆ, ಆದರೆ ಕುದುರೆಗೆ ಆ ಅನುಕೂಲವಿಲ್ಲ, ಆಕ್ಸಲೇಟ್ ಮೇವಿನಲ್ಲಿರುವ ಸುಣ್ಣದಂಶವನ್ನು ಹಿಡಿದಿಟ್ಟುಕೊಂಡು ಲದ್ದಿಯಲ್ಲಿ ಹೊರಹೋಗುವಂತೆ ಮಾಡುತ್ತದೆ. ಬೂಸಾದಲ್ಲಿ ರಂಜಕವು ಸುಣ್ಣಕ್ಕಿಂತ ಹಲವು ಪಟ್ಟು ಹೆಚ್ಚಾಗಿರುವುದರಿಂದ ಕೊರತೆ ಇಮ್ಮಡಿಯಾಗುತ್ತದೆ. ಆಗ ದೇಹವು ತನ್ನ ಮೂಳೆಯಿಂದಲೇ ಸುಣ್ಣವನ್ನು ಎಳೆದುಕೊಳ್ಳತೊಡಗುತ್ತದೆ. ತಿಂಗಳುಗಟ್ಟಲೆ ಹೀಗೆ ನಡೆದರೆ ಮುಖದ ಮೂಳೆ ಎರಡೂ ಬದಿ ಊದುತ್ತದೆ, ಹಲ್ಲು ಸಡಿಲವಾಗುತ್ತದೆ, ಇಂದು ಒಂದು ಕಾಲು ನಾಳೆ ಇನ್ನೊಂದು ಕಾಲು ಕುಂಟುತ್ತದೆ. ನೇಪಿಯರ್ ನಿಮ್ಮ ಹಸುಗಳಿಗಿರಲಿ. ಕೆಂಪನಿಗೆ ರಾಗಿ ಹುಲ್ಲು, ರೋಡ್ಸ್ ಹುಲ್ಲು, ಕುದುರೆ ಮಸಾಲೆ ಕೊಡಿ. ರಾಗಿ ಹುಲ್ಲನ್ನು ಬಣವೆಯ ಒಳಗಿನಿಂದ ತೆಗೆದು, ಬೂಸಲು ವಾಸನೆ ಇಲ್ಲವೆಂದು ಮೂಸಿ ನೋಡಿ, ಧೂಳಿದ್ದರೆ ನೀರು ಚಿಮುಕಿಸಿ ಹಾಕಿ. ಅವನು ಹುಲ್ಲನ್ನು ಬಿಡುವುದಕ್ಕೆ ಹಲ್ಲಿನ ಅಂಚು ಚೂಪಾಗಿ ಕೆನ್ನೆಯ ಒಳಭಾಗವನ್ನು ಕೊರೆಯುತ್ತಿರುವುದೂ ಕಾರಣವಾಗಿರಬಹುದು, ಬಾಯಿಯನ್ನು ಪರೀಕ್ಷೆ ಮಾಡಿಸಿ.

ದನಗಳ ಹಿಂಡಿ ಮತ್ತು ಕೋಳಿಯ ಆಹಾರ ಇವನ ಬಾಯಿಗೆ ಎಟುಕದಂತೆ ಬೀಗ ಹಾಕಿಡಿ. ಅಂಥ ಕೆಲವು ಆಹಾರಗಳಲ್ಲಿ ಸೇರಿಸುವ ಮೊನೆನ್ಸಿನ್ ಎಂಬ ಪದಾರ್ಥ ಹಸುವಿಗೆ ಹಿತ, ಕುದುರೆಗೆ ಹೃದಯವನ್ನೇ ಕೆಡಿಸುವ ವಿಷ. ಬೇಲಿಯಲ್ಲಿ ಕಣಗಿಲೆ ಇದ್ದರೆ ಬೇರುಸಹಿತ ತೆಗೆಸಿ. ಒಣಗಿದ ಎಲೆಯೂ ಕೊಲ್ಲುತ್ತದೆ.

ಇನ್ನು ಕೀಲಿನ ಮೇಲಿನ ಗಾಯಗಳು. ಕುದುರೆ ನಿಂತೇ ತೂಕಡಿಸಬಲ್ಲದು, ಆದರೆ ಗಾಢವಾದ ಕನಸಿನ ನಿದ್ದೆಗೆ ಮಲಗಲೇಬೇಕು. ಅದಕ್ಕೆ ದಿನಕ್ಕೆ ಅರ್ಧ ಗಂಟೆ ಸಿಕ್ಕರೂ ಸಾಕು. ಮಲಗಲು ಧೈರ್ಯ ಬಾರದ ಅಥವಾ ನೋವಿನಿಂದ ಮಲಗಲಾರದ ಕುದುರೆ ನಿಂತಲ್ಲೇ ಆ ನಿದ್ದೆಗೆ ಜಾರಿ, ಮುಂಗಾಲು ಮಡಿಸಿಕೊಂಡು ಕುಸಿದು, ನೆಲ ತಾಗಿದ ಕ್ಷಣವೇ ಬೆಚ್ಚಿ ಏಳುತ್ತದೆ. ನೀವು ಹೇಳಿದ ಜಾಗದಲ್ಲಿಯೇ ಇರುವ, ಮಾಯದ ಗಾಯಗಳು ನನಗೆ ಅದನ್ನೇ ಹೇಳುತ್ತಿವೆ. ಮಲಗುವ ಜಾಗವನ್ನು ಅಗಲವಾಗಿಸಿ, ಮರಳು ಅಥವಾ ದಪ್ಪ ಹುಲ್ಲಿನ ಹಾಸನ್ನು ಹಾಕಿ, ರಾತ್ರಿ ಅವನ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ಇನ್ನೊಂದು ಕುದುರೆಯನ್ನು ಇರಿಸಿ. ಕುದುರೆಗಳು ಸರದಿಯಂತೆ ಕಾವಲು ನಿಂತು ಮಲಗುವ ಪ್ರಾಣಿಗಳು, ಒಂಟಿ ಕುದುರೆಗೆ ಕಾವಲಿಲ್ಲ. ಇರುಳೆಲ್ಲ ಕಟ್ಟಿಹಾಕಬೇಡಿ.

ಉತ್ತರ: ಹಳೆಯ ಸೈಸ್ (ಕುದುರೆ ನೋಡಿಕೊಳ್ಳುವವ), ಮೈಸೂರು

ಡಾಕ್ಟರವರು ಹೊಟ್ಟೆಯ ವಿಷಯವನ್ನು ವಿವರವಾಗಿ ಬರೆದಿದ್ದಾರೆ. ಚಾಮುಂಡಿ ಬೆಟ್ಟದ ಬುಡದ ರೇಸ್ ಕೋರ್ಸಿನಲ್ಲಿ ಹರೆಯದಿಂದಲೂ ಕುದುರೆಗಳ ಜೊತೆಗೇ ಬಾಳಿದವನಾಗಿ, ಅವುಗಳ ದಿನಚರಿಯ ಬಗ್ಗೆ ನಾನು ನಾಲ್ಕು ಮಾತು ಹೇಳುತ್ತೇನೆ.

ಬೆಳಗಿನ ನಾಲ್ಕು ಗಂಟೆಗೆ ಅವನು ಕೆನೆಯುವುದು ಹಟದಿಂದಲ್ಲ. ಕತ್ತಲಿರುವಾಗಲೇ ದೀಪ ಹಾಕಿ, ಒಂದು ಹಿಡಿ ಕಾಳು ಕೊಟ್ಟು, ಜೀನು ಬಿಗಿದು, ಮಂಜಿನಲ್ಲಿ ಟ್ರ್ಯಾಕಿಗೆ ಕರೆದೊಯ್ಯುವುದು ಲಾಯದ ಕ್ರಮ. ಓಟ ಮುಗಿದ ಮೇಲೆ ಮೈ ತೊಳೆದು, ಬೆವರು ಆರುವವರೆಗೆ ನಡೆಸಿ, ಕಾಲು ನೋಡಿ, ಪಟ್ಟಿ ಸುತ್ತಿ ಒಳಗೆ ಬಿಟ್ಟರೆ, ಸಂಜೆಯ ಮಾಲೀಶು ಮತ್ತು ಮೇವಿನವರೆಗೆ ಅವನಿಗೆ ಬೇರೆ ಕೆಲಸವಿಲ್ಲ. ಸಂಜೆ ಬಾಗಿಲ ಬಳಿ ತೂಗಾಡುವುದು ಆ ಮೇವಿನ ಕಾಯುವಿಕೆಯಿಂದಲೇ ಹುಟ್ಟಿದ ಅಭ್ಯಾಸ. ಎರಡನೆಯ ವಯಸ್ಸಿನಿಂದ ಇದೇ ಗಡಿಯಾರದಲ್ಲಿ ಬೆಳೆದವನಿಗೆ ಆ ಗಡಿಯಾರವನ್ನು ಒಂದೇ ದಿನ ಒಡೆದುಹಾಕಿದರೆ ದಿಕ್ಕು ತೋಚುವುದಿಲ್ಲ. ನಾಲ್ಕು ಗಂಟೆಯನ್ನು ಉಳಿಸಿಕೊಳ್ಳಿ, ಆದರೆ ಆ ಹೊತ್ತಿಗೆ ಕಾಳಿನ ಬದಲು ಹುಲ್ಲು ಕೊಡಿ, ಕೈಯಲ್ಲಿ ಹಿಡಿದು ತೋಟದೊಳಗೆ ನಡೆಸಿ. ವಾರಗಳು ಕಳೆದಂತೆ ಆ ನಡಿಗೆಯನ್ನು ಸ್ವಲ್ಪ ಸ್ವಲ್ಪವೇ ತಡಮಾಡುತ್ತಾ ಬೆಳಕು ಹರಿಯುವ ಹೊತ್ತಿಗೆ ತನ್ನಿ. ತೂಗಾಡುವುದನ್ನು ನಿಲ್ಲಿಸಲು ಹೊಡೆಯುವುದು, ಗದರುವುದು, ಬಾಗಿಲಿಗೆ ಅಡ್ಡ ಕಂಬಿ ಹಾಕುವುದು ಯಾವುದೂ ಬೇಡ. ಹುಲ್ಲು ಮುಗಿಯದಂತೆ ನೋಡಿಕೊಳ್ಳಿ. ಅಭ್ಯಾಸ ಪೂರ್ತಿ ಹೋಗದಿದ್ದರೂ ಬಹಳ ಕಡಿಮೆಯಾಗುತ್ತದೆ.

ಅವನನ್ನು ನೋಡಿಕೊಳ್ಳಲು ಆದಷ್ಟು ಒಬ್ಬರನ್ನೇ ಗೊತ್ತುಮಾಡಿ. ಲಾಯದಲ್ಲಿ ಒಬ್ಬ ಸೈಸನ ಕೈ, ಧ್ವನಿ, ಹೆಜ್ಜೆಯ ಸಪ್ಪಳ ಅವನಿಗೆ ಗುರುತಾಗಿತ್ತು, ಆ ಮನುಷ್ಯ ಈಗಿಲ್ಲ. ಮಾತನಾಡುತ್ತಾ ಎಡಗಡೆಯಿಂದ ಹೋಗಿ, ನೇರ ಮುಖಕ್ಕೆ ಕೈ ಚಾಚದೆ, ಕೇಸರ ಮುಗಿದು ಬೆನ್ನು ಆರಂಭವಾಗುವ ಕಡೆ ಬೆರಳಿನಿಂದ ನಿಧಾನವಾಗಿ ಕೆರೆಯಿರಿ. ಕುದುರೆಗಳು ತಮ್ಮತಮ್ಮಲ್ಲಿ ಸ್ನೇಹಕ್ಕೆ ಹಲ್ಲಿನಿಂದ ಕೆರೆದುಕೊಳ್ಳುವ ಜಾಗ ಅದೇ. ತಲೆ ತಗ್ಗಿ, ಕೆಳತುಟಿ ಸಡಿಲವಾಗಿ ಜೋತುಬಿದ್ದು, ಒಂದು ಹಿಂಗಾಲು ವಿಶ್ರಾಂತಿಗೆ ಮಡಿದರೆ ಅವನಿಗೆ ಹಿತವಾಗುತ್ತಿದೆ ಎಂದು ತಿಳಿಯಿರಿ.

ಬಯಲಿಗೆ ಬಿಡುವ ವಿಷಯದಲ್ಲಿ ಆತುರ ಬೇಡವೇ ಬೇಡ. ಟೆಂಡನ್ ಕೂಡಿಕೊಳ್ಳಲು ಒಂಬತ್ತು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ, ಕೂಡಿದ ಮೇಲೂ ಅದು ಮೊದಲಿನ ನಾರಲ್ಲ. ಒಂದು ಹುಚ್ಚು ಓಟದಲ್ಲಿ ಮತ್ತೆ ಹರಿದುಹೋಗಬಹುದು. ಲಾಯದ ಪಕ್ಕದಲ್ಲೇ ನಾಗಾಲೋಟಕ್ಕೆ ಜಾಗ ಸಾಲದಷ್ಟು ಚಿಕ್ಕ ಅಂಗಳವನ್ನು ಮಾಡಿ ಅಲ್ಲಿಂದ ಆರಂಭಿಸಿ. ಮುಳ್ಳುತಂತಿಯನ್ನು ಬಿಚ್ಚಿಸಿ, ಕಲ್ಲುಕಂಬಗಳಿಗೆ ಬಿದಿರಿನ ಗಳಗಳನ್ನು ಎದೆಯ ಎತ್ತರಕ್ಕೂ ಮೊಣಕಾಲಿನ ಎತ್ತರಕ್ಕೂ ಕಟ್ಟಿಸಿ. ಗಳಕ್ಕೆ ಬಿಳಿ ಸುಣ್ಣ ಬಳಿದರೆ ದೂರದಿಂದಲೇ ಕಾಣುತ್ತದೆ. ಬಿಡುವ ಮೊದಲು ಹಗ್ಗ ಹಿಡಿದು ಬೇಲಿಯ ಸುತ್ತ ಎರಡೂ ದಿಕ್ಕಿನಲ್ಲಿ ನಡೆಸಿ ಎಲ್ಲೆಯನ್ನು ತೋರಿಸಿ. ಹೊಟ್ಟೆ ತುಂಬ ಹುಲ್ಲು ತಿಂದ ಮೇಲೆ, ಗಾಳಿಯಿಲ್ಲದ ಹೊತ್ತಿನಲ್ಲಿ, ಶಾಂತ ಸ್ವಭಾವದ ಮುದಿ ತಟ್ಟು ಪಕ್ಕದಲ್ಲಿ ಮೇಯುತ್ತಿರುವಾಗ ಬಿಡಿ. ಬೆಳಗಿನ ತಂಪಿನಲ್ಲಿ ಬಿಟ್ಟರೆ ಅವನ ಮೈಗೆ ಟ್ರ್ಯಾಕಿನ ನೆನಪಾಗುತ್ತದೆ.

ಲಾಳವನ್ನು ನಾಲ್ಕೂ ಕಾಲಿನಿಂದ ಒಮ್ಮೆಗೇ ಕೀಳುವುದಕ್ಕೆ ನಾನು ಒಪ್ಪುವುದಿಲ್ಲ. ಈ ತಳಿಯ ಕುದುರೆಗಳಿಗೆ ಅಂಗಾಲು ತೆಳು, ಗೊರಸಿನ ಗೋಡೆಯೂ ತೆಳು. ಮೊದಲು ಹಿಂಗಾಲಿನವನ್ನು ತೆಗೆಸಿ, ಅವನು ಮೆತ್ತನೆಯ ನೆಲದಲ್ಲಿ ಸರಾಗವಾಗಿ ನಡೆಯುವುದನ್ನು ಕಂಡ ಮೇಲೆ ಮುಂಗಾಲಿನ ಯೋಚನೆ ಮಾಡಿ. ಪೆಟ್ಟಾದ ಕಾಲಿನ ಲಾಳದ ಬಗ್ಗೆ ಡಾಕ್ಟರನ್ನು ಕೇಳದೆ ಕೈ ಹಾಕಬೇಡಿ. ಗೊರಸು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ಬೆಳೆಯುವುದಿಲ್ಲ, ಕೂದಲಂಚಿನಿಂದ ನೆಲದವರೆಗೆ ಹೊಸ ಗೊರಸು ಬರಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಈಗಲೇ ಬೆರಳಾಡಿಸಿ ನೋಡಿ, ಕೂದಲಂಚಿನ ಕೆಳಗೆ ಗೊರಸಿನ ಸುತ್ತ ಒಂದು ಏಣು ಸಿಗಬಹುದು. ಮೇವು ಬದಲಾದ ಕಾಲದ ಗುರುತು ಅದು. ಅದು ಕೆಳಗಿಳಿಯುತ್ತಾ ಹೋದಂತೆ ಅದರ ಮೇಲೆ ಬರುವ ಗೊರಸು ನಿಮ್ಮ ತೋಟದ ಮೇವಿನಿಂದ ಬೆಳೆದದ್ದು, ಅದು ನುಣುಪಾಗಿದ್ದರೆ ನಿಮ್ಮ ಆರೈಕೆ ಸರಿಯಾಗಿದೆ.

ಮಕ್ಕಳನ್ನು ಕೂರಿಸುವ ಮಾತಿಗೆ ನನ್ನ ಉತ್ತರ ಬೇಡ ಎಂದೇ. ಕಾಲಿನ ಮಾತು ಹಾಗಿರಲಿ, ಇವನು ಕಲಿತ ಪಾಠವೇ ಬೇರೆ. ಲಗಾಮನ್ನು ಬಿಗಿಹಿಡಿದರೆ ಅದರ ಮೇಲೆ ಒರಗಿ ಇನ್ನೂ ಜೋರಾಗಿ ಓಡಬೇಕೆಂಬುದೇ ಅವನಿಗೆ ಗೊತ್ತಿರುವುದು. ಹೆದರಿದ ಮಗು ಮಾಡುವುದೂ ಲಗಾಮು ಎಳೆಯುವುದನ್ನೇ.

ಉತ್ತರ: ಲೆಕ್ಸಿಂಗ್ಟನ್ ಕನ್ನಡತಿ, ಕೆಂಟಕಿ

ನಾನು ಅಮೆರಿಕದ ಕೆಂಟಕಿಯಲ್ಲಿ ವಾಸವಾಗಿದ್ದು, ರೇಸ್ ಬಿಟ್ಟ ಕುದುರೆಗಳ ತೋಟಗಳಿಗೆ ರಜಾದಿನಗಳಲ್ಲಿ ಕೈಜೋಡಿಸಲು ಹೋಗುತ್ತಿರುತ್ತೇನೆ. ಇಲ್ಲಿಗೆ ಹತ್ತಿರದ ಜಾರ್ಜ್‌ಟೌನಿನಲ್ಲಿ ಓಲ್ಡ್ ಫ್ರೆಂಡ್ಸ್ ಎಂಬ ಆಸರೆ ತೋಟವಿದೆ. ಬೋಸ್ಟನ್ ಗ್ಲೋಬ್ ಪತ್ರಿಕೆಯಲ್ಲಿ ಚಲನಚಿತ್ರ ವಿಮರ್ಶಕರಾಗಿದ್ದ ಮೈಕೆಲ್ ಬ್ಲೋವೆನ್ ಅವರು 2003ರಲ್ಲಿ ಅದನ್ನು ಆರಂಭಿಸಿದರು. 1986ರ ಕೆಂಟಕಿ ಡರ್ಬಿ ಎಂಬ ಹೆಸರಾಂತ ರೇಸನ್ನು ಗೆದ್ದಿದ್ದ ಫರ್ಡಿನಾಂಡ್ ಎಂಬ ಕುದುರೆ, ತಳಿ ವೃದ್ಧಿಗೆಂದು ಜಪಾನಿಗೆ ಹೋಗಿ, 2002ರಲ್ಲಿ ಅಲ್ಲಿನ ಕಸಾಯಿಖಾನೆಯಲ್ಲಿ ಕೊನೆಗಂಡಿತೆಂಬ ಸುದ್ದಿ ಇಲ್ಲಿನವರನ್ನು ಬಹಳವಾಗಿ ಕಲಕಿತ್ತು. 1997ರ ಡರ್ಬಿ ವಿಜೇತ ಸಿಲ್ವರ್ ಚಾರ್ಮ್ ಕೂಡ ಹಾಗೆಯೇ ಜಪಾನಿನಲ್ಲಿತ್ತು. 2014ರ ಡಿಸೆಂಬರಿನಲ್ಲಿ ಅದನ್ನು ಮರಳಿ ಈ ತೋಟಕ್ಕೆ ಕರೆತಂದರು. ಅಂಥ ಹೆಸರಾಂತ ಕುದುರೆಗೇ ಇಷ್ಟು ಪ್ರಯತ್ನ ಬೇಕಾದರೆ, ಹೆಸರಿಲ್ಲದ ಕೆಂಪನಿಗೆ ಜಾಗ ಕೊಟ್ಟ ನಿಮ್ಮ ಕೆಲಸ ಎಷ್ಟು ದೊಡ್ಡದೆಂದು ನನಗೆ ತಿಳಿಯುತ್ತದೆ. ಕುದುರೆಗಳು ಇಪ್ಪತ್ತೈದು ವರ್ಷ ಮೀರಿಯೂ ಬದುಕುತ್ತವೆ. ಏಳರಲ್ಲಿ ಓಟ ಮುಗಿಸಿದ ಇವನ ಬಾಳಿನ ಬಹುಪಾಲು ಇನ್ನೂ ಮುಂದಿದೆ.

ಇಲ್ಲಿನ ತೋಟಗಳಲ್ಲಿ ನಾನು ಗಮನಿಸಿದ ಎರಡು ಪದ್ಧತಿಗಳು ನಿಮಗೆ ಉಪಯೋಗವಾಗಬಹುದು. ಹೊಸದಾಗಿ ಬಂದ ಕುದುರೆಯಿಂದ ಮೊದಲ ಕೆಲವು ತಿಂಗಳು ಏನನ್ನೂ ಬಯಸುವುದಿಲ್ಲ. ತರಬೇತಿಯಿಲ್ಲ, ಸವಾರಿಯಿಲ್ಲ, ಓಡುತ್ತಿದ್ದ ಕಾಲದ ಬಿಗಿಯಾದ ಸ್ನಾಯುಗಳು ಕರಗಿ ಸಾಧಾರಣ ಮೈಕಟ್ಟು ಬರುವವರೆಗೆ ಕಾಯುತ್ತಾರೆ. ಆ ನಡುವಿನ ಕಾಲದಲ್ಲಿ ಕುದುರೆ ಬಡಕಲಾಗಿ, ಹೊಳಪು ಕಳೆದುಕೊಂಡು ಕಾಣುವುದು ಸಾಮಾನ್ಯ, ನೋಡಲು ಬಂದವರು ಏನಾದರೂ ಅಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಎರಡನೆಯದು ಜೋಡಿಯ ಆಯ್ಕೆ. ಗುಂಪಿನೊಳಗೆ ಹೊಸಬನನ್ನು ನೇರವಾಗಿ ನುಗ್ಗಿಸುವುದಿಲ್ಲ. ನಡುವೆ ಓಣಿಯಷ್ಟು ಅಂತರ ಬಿಟ್ಟು ಎರಡು ಬೇಲಿಗಳ ಆಚೀಚೆ ಇರಿಸಿ, ಅವನು ಯಾರ ಪಕ್ಕಕ್ಕೆ ಹೋಗಿ ನಿಂತು ಮೇಯುತ್ತಾನೆಂದು ನೋಡಿ, ಅವರಿಬ್ಬರನ್ನು ಮಾತ್ರ ಮೊದಲು ಕೂಡಿಸುತ್ತಾರೆ. ಮೇವಿನ ರಾಶಿಗಳು ಕುದುರೆಗಳ ಸಂಖ್ಯೆಗಿಂತ ಒಂದು ಹೆಚ್ಚಿಗೆ, ದೂರ ದೂರ ಇರುತ್ತವೆ. ಆಗ ಅಟ್ಟಿಸಿಕೊಂಡವನಿಗೂ ಹೋಗಲು ಒಂದು ಜಾಗವಿರುತ್ತದೆ.

ಪ್ರಶ್ನೆ ಕೇಳಿದವರ ಮರುಬರಹ: ಆಸರೆ ತೋಟ, ದೊಡ್ಡಬಳ್ಳಾಪುರ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಕೆಲವು ವಾರಗಳ ನಂತರ ಬರೆಯುತ್ತಿದ್ದೇನೆ.

ನೇಪಿಯರ್ ಮತ್ತು ಬೂಸಾ ಎರಡನ್ನೂ ಹಂತಹಂತವಾಗಿ ನಿಲ್ಲಿಸಿದ್ದೇವೆ. ಬಾಯಿಯನ್ನು ಪರೀಕ್ಷಿಸಿದ ವೈದ್ಯರು ದವಡೆ ಹಲ್ಲುಗಳ ಚೂಪು ಅಂಚನ್ನು ಉಜ್ಜಿ ಸರಿಮಾಡಿದರು. ಕೆನ್ನೆಯ ಒಳಗೆ ಹುಣ್ಣುಗಳಿದ್ದವು. ಜೊತೆಗೆ ಒಮೆಪ್ರಜೋಲ್ ಆರಂಭಿಸಿದ್ದಾರೆ. ಈಗ ಅವನು ರಾಗಿ ಹುಲ್ಲನ್ನು ಬಾಯಿ ತುಂಬ ಕಿತ್ತುಕೊಂಡು, ಕಣ್ಣು ಅರೆಮುಚ್ಚಿ ಅಗಿಯುವುದನ್ನು ನೋಡಿದರೆ ಮನಸ್ಸಿಗೆ ತುಂಬ ಸಮಾಧಾನವಾಗುತ್ತದೆ. ಟೇಪಿನ ಲೆಕ್ಕದಲ್ಲಿ ತೂಕ ಇಳಿಯುವುದು ನಿಂತಿದೆ, ಏರಿಕೆ ಇನ್ನೂ ಅಲ್ಪ.

ಲಾಯದ ಪಕ್ಕದಲ್ಲಿ ಬಿದಿರಿನ ಗಳದ ಅಂಗಳವನ್ನು ಕಟ್ಟಿಸಿ, ಒಂದು ಭಾಗದಲ್ಲಿ ಮರಳು ಹಾಸಿದೆವು. ಆಚೆ ಬದಿಯಲ್ಲಿ ಗೌರಿ ಎಂಬ ನಮ್ಮ ಮುದಿ ತಟ್ಟು ಇರುತ್ತಾಳೆ. ವರ್ಷಗಟ್ಟಲೆ ಗಾಡಿ ಎಳೆದವಳು, ಯಾವುದಕ್ಕೂ ಬೆಚ್ಚುವವಳಲ್ಲ. ಮೊದಮೊದಲು ಅವಳ ಕಡೆ ಕಿವಿ ನಿಮಿರಿಸಿ ನೋಡುತ್ತಾ ಬೇಲಿಯ ಗುಂಟ ನಡೆದಾಡುತ್ತಿದ್ದವನು, ಈಗ ಅವಳು ಎಲ್ಲಿ ಮೇಯುತ್ತಾಳೋ ಅದಕ್ಕೆ ನೇರದಲ್ಲೇ ತನ್ನ ಹುಲ್ಲನ್ನು ತಿನ್ನುತ್ತಾನೆ. ಇತ್ತೀಚೆಗೆ ಒಂದು ಬೆಳಿಗ್ಗೆ ಮಾಲೀಶು ಮಾಡಲು ಹೋದಾಗ ಅವನ ಎಡ ಪಕ್ಕೆಯಿಂದ ತೊಡೆಯವರೆಗೆ ಮರಳು ಅಂಟಿಕೊಂಡಿತ್ತು, ಕೆನ್ನೆಯ ಮೇಲೂ ಒಂದಿಷ್ಟು ಇತ್ತು. ಅಂದರೆ ತಲೆಯನ್ನೂ ನೆಲಕ್ಕಿಟ್ಟು ಮಲಗಿದ್ದಾನೆ. ಕೀಲಿನ ಗಾಯಗಳು ಒಣಗತೊಡಗಿವೆ. ಹಿಂಗಾಲಿನ ಲಾಳಗಳನ್ನಷ್ಟೇ ತೆಗೆಸಿದ್ದೇವೆ.

ಎರಡು ಸಂದೇಹಗಳು ಉಳಿದಿವೆ. ಕತ್ತೆಗಳನ್ನೂ ಅವನ ಜೊತೆ ಬಿಡಬಹುದೇ? ಮಳೆಗಾಲ ಹತ್ತಿರವಾಗುತ್ತಿರುವುದರಿಂದ ಯಾವ ರೋಗಗಳ ಬಗ್ಗೆ ಮುನ್ನೆಚ್ಚರಿಕೆ ವಹಿಸಬೇಕು?

ಉತ್ತರ: ನಿವೃತ್ತ ಪಶುವೈದ್ಯ, ಹಾಸನ

ಕೆನ್ನೆಯ ಮೇಲಿನ ಮರಳಿನ ವಿಷಯ ಓದಿ ಬಹಳ ಸಂತೋಷವಾಯಿತು. ಒಂದು ಎಚ್ಚರಿಕೆ: ಮರಳಿನ ಮೇಲೆ ಮೇವು ಹಾಕಬೇಡಿ. ಹುಲ್ಲಿನ ಜೊತೆ ನುಂಗಿದ ಮರಳು ಕರುಳಿನಲ್ಲಿ ಕೂತು ಶೂಲೆ ತರುತ್ತದೆ.

ಕತ್ತೆಗಳನ್ನು ಈಗಲೇ ಬಿಡಬೇಡಿ. ಕತ್ತೆಯ ಶ್ವಾಸಕೋಶದಲ್ಲಿ ಒಂದು ಬಗೆಯ ಹುಳು ಯಾವ ತೊಂದರೆಯನ್ನೂ ಕೊಡದೆ ಬದುಕಿರಬಲ್ಲದು, ಅದೇ ಹುಳು ಮೇವಿನ ಮೂಲಕ ಕುದುರೆಗೆ ಸೇರಿದರೆ ತಿಂಗಳುಗಟ್ಟಲೆ ಬಿಡದ ಕೆಮ್ಮು ಬರುತ್ತದೆ. ಕತ್ತೆಗಳ ಲದ್ದಿಯನ್ನು ಪರೀಕ್ಷೆ ಮಾಡಿಸಿ, ಹುಳುವಿನ ಔಷಧವಾದ ಐವರ್ಮೆಕ್ಟಿನ್ ಕೊಡಿಸಿದ ಮೇಲೆ ಯೋಚಿಸಬಹುದು. ಗ್ಲಾಂಡರ್ಸ್ ರೋಗದ ರಕ್ತಪರೀಕ್ಷೆ ಎಲ್ಲ ಕುದುರೆ, ಕತ್ತೆಗಳಿಗೂ ಆಗಿರಲಿ. ಅದು ಮನುಷ್ಯರಿಗೂ ಹರಡುವ ರೋಗ, ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆಗಾಗಿ ಇರುವ 2009ರ ಕಾಯಿದೆಯ ಪ್ರಕಾರ ಸರ್ಕಾರಕ್ಕೆ ತಿಳಿಸಲೇಬೇಕಾದದ್ದು. ಇನ್ನು ಮುಂದೆ ಯಾವ ಪ್ರಾಣಿಯನ್ನು ತಂದರೂ ವರದಿ ಬರುವವರೆಗೆ ಪ್ರತ್ಯೇಕವಾಗಿಡಿ.

ಮಳೆಗಾಲದಲ್ಲಿ ತೊಣಚಿ ನೊಣಗಳು ಹೆಚ್ಚುತ್ತವೆ, ಅವುಗಳ ಕಡಿತದಿಂದ ಸರ್ರಾ ರೋಗ ಹರಡುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ಹೊಟ್ಟೆಯ ಕೆಳಭಾಗ ಮತ್ತು ಕಾಲುಗಳ ಊತ, ಚೆನ್ನಾಗಿ ತಿಂದರೂ ಸೊರಗುವುದು ಅದರ ಲಕ್ಷಣಗಳು. ಉಣ್ಣೆಗಳಿಂದ ಬರುವ ರಕ್ತದ ರೋಗವೂ ಹೆಚ್ಚುಕಡಿಮೆ ಹೀಗೆಯೇ ಆರಂಭವಾಗುತ್ತದೆ. ಆದ್ದರಿಂದ ಆರೋಗ್ಯವಾಗಿರುವಾಗಲೇ ಕೆಂಪನ ಜ್ವರಮಾಪನ ಮಾಡಿ ಅವನ ಸಹಜ ಉಷ್ಣತೆಯನ್ನು ಬರೆದಿಡಿ. ಸಾಮಾನ್ಯವಾಗಿ ಅದು 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ನಡುವೆ ಇರುತ್ತದೆ. ಲದ್ದಿಯನ್ನು ದಿನವೂ ಎತ್ತಿಸಿ ದೂರದ ಗುಂಡಿಗೆ ಹಾಕಿಸಿ. ಗೊರಸನ್ನು ದಿನಕ್ಕೊಮ್ಮೆ ಕೆರೆದು, ದುರ್ವಾಸನೆ ಅಥವಾ ಕಪ್ಪು ಕೊಳೆ ಕಂಡರೆ ತಡಮಾಡದೆ ತೋರಿಸಿ. ದಿನದಲ್ಲಿ ಕೆಲವು ಗಂಟೆಯಾದರೂ ಒಣ ನೆಲದಲ್ಲಿ ನಿಲ್ಲುವಂತೆ ನೋಡಿಕೊಳ್ಳಿ.

ಎಲ್ಲಕ್ಕಿಂತ ಮೊದಲು ಧನುರ್ವಾಯುವಿನ ಲಸಿಕೆ. ಸಾಕುಪ್ರಾಣಿಗಳಲ್ಲಿ ಕುದುರೆಯಷ್ಟು ಸುಲಭವಾಗಿ ಈ ರೋಗಕ್ಕೆ ತುತ್ತಾಗುವ ಪ್ರಾಣಿ ಇನ್ನೊಂದಿಲ್ಲ, ಒಂದು ಮೊಳೆ ಚುಚ್ಚಿದರೂ ಸಾಕು. ರೇಸಿನ ಕಾಲದ ಲಸಿಕೆಯ ದಾಖಲೆ ಅವನ ಪಾಸ್‌ಪೋರ್ಟಿನಲ್ಲಿ, ಅಂದರೆ ಕುದುರೆಯ ಗುರುತಿನ ಪುಸ್ತಕದಲ್ಲಿ, ಇರಬೇಕು. ಇಲ್ಲದಿದ್ದರೆ ನಾಲ್ಕರಿಂದ ಆರು ವಾರಗಳ ಅಂತರದಲ್ಲಿ ಎರಡು ಬಾರಿ, ನಂತರ ವರ್ಷಕ್ಕೊಮ್ಮೆ ಹಾಕಿಸಿ. ಬೀದಿನಾಯಿಗಳು ತೋಟದೊಳಗೆ ಬರುತ್ತಿದ್ದರೆ ರೇಬಿಸ್ ಲಸಿಕೆಯನ್ನೂ ಹಾಕಿಸಿ. ಗೌರಿಗೂ ಇದೇ ಕ್ರಮ ಅನ್ವಯಿಸುತ್ತದೆ. ಪೆಟ್ಟಾದ ಮುಂಗಾಲಿನ ಸ್ಕ್ಯಾನ್ ಮಾಡಿಸಿ, ವರದಿ ಬಂದಾಗ ಇಲ್ಲಿಯೇ ಬರೆಯಿರಿ, ದೊಡ್ಡ ಬಯಲಿಗೆ ಬಿಡುವ ಕಾಲವನ್ನು ಅದನ್ನು ನೋಡಿಕೊಂಡು ನಿರ್ಧರಿಸೋಣ.